ಹೆಸರು ಅಳಿಸಿದ ಡಬ್ಬಿ

ಕುದುರೆಯ ಬೆವರಿಗೆ ಹೆಸರು ಅಳಿಸಿದೆ.
‘ಮೊಖೇ’ ಎಂಬಲ್ಲಿಗೆ ನಿಂತು, ಮುಂದೆ ನೀಲಿ ಕಲೆ.

ನಾಲ್ಕಕ್ಕೆ ಕರೆಂಟು ಬಂತು.
ಯಂತ್ರದ ನಾಲ್ಕು ಬಾಯಲ್ಲಿ ಎರಡು ಎಂದೋ ಸತ್ತಿವೆ,
ಕಪಾಟಿನಲ್ಲಿ ಕಾರ್ಟ್ರಿಜ್ ಮೂರೇ.
ಒಂದನ್ನು ಬಿಚ್ಚಿದೆ, ಕಫ ತುಂಬಿದೆ,
ಎರಡು ತಾಸು ಕಿಟಕಿಗೆ ಆತು ಕೂತೆ:
ಲೆಸೋಥೊದ ಜುಲೈ,
ಗುಡ್ಡಗಳಿಗೆ ಉಪ್ಪು ಸವರಿದ ಹಾಗೆ ಹಿಮ.

ಕ್ಷಯ: ಇದೆ.
ರಿಫಾಂಪಿಸಿನ್‌ಗೆ: ಬಗ್ಗುವುದಿಲ್ಲ.

ಯಾರದು?
ಆ ಕಲ್ಲುಮನೆಯಲ್ಲಿ ಕೆಮ್ಮುವವರು ಇಬ್ಬರು:
ಮೊಖೇತಿ, ಇಪ್ಪತ್ತು ವರ್ಷ ಪರದೇಶದ ಚಿನ್ನದ ಗಣಿಯಲ್ಲಿ
ದೂಳು ಕುಡಿದು ಬಂದವನು;
ಅವನ ಹೆಸರನ್ನೇ ಹೊತ್ತ ಮೊಮ್ಮಗ, ಎಂಟರವನು.
ಐದು ತಿಂಗಳಿಂದ ಒಂದೇ ಬಣ್ಣದ ಮಾತ್ರೆ ಇಬ್ಬರಿಗೂ.
ಉಚ್ಚೆ ಕಿತ್ತಳೆಗೆ ತಿರುಗಿತಲ್ಲ,
ಔಷಧ ಹತ್ತಿತು ಎಂದುಕೊಂಡಿದ್ದಾರೆ.

ನಾನೂ ಅಂದುಕೊಂಡಿದ್ದೆ. ಗಾಜಿನ ಮೇಲೆ
ಕೆಂಪು ಕಡ್ಡಿಗಳನ್ನೆಣಿಸಿ ವಹಿಯಲ್ಲಿ ಬರೆದವಳು ನಾನೇ.
ಕಡ್ಡಿ ಕಾಣುತ್ತದೆ.
ಅದರ ಹಟ ಕಾಣುವುದಿಲ್ಲ.

ಹೊರಗೆ ತ್ಸೆಲಿಸೊ ತಡಿ ಬಿಚ್ಚುತ್ತಿದ್ದ.
‘ಯಾರು ಕೊಟ್ಟದ್ದು?’
‘ಸೊಸೆ. ಬೇಲಿಯಾಚೆಯಿಂದ ಚಾಚಿದಳು, ಇಸಕೊಂಡೆ.’
ಅವನ ಕಂಬಳಿಯ ಮೇಲೆ ಹಿಮ ಇನ್ನೂ ಕರಗಿರಲಿಲ್ಲ.
‘ಮತ್ತೆ ಹತ್ತಬೇಕು,’ ಅಂದೆ.
ಕುದುರೆಯ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ.

ಎರಡು ಹೊಸ ಡಬ್ಬಿ. ಪೆನ್ನು ಬೇಡವೆಂದು
ಸೂಜಿಯಲ್ಲಿ ಗೀರಿದೆ: ಒಂದರ ಮೈಗೆ ಗಡ್ಡ,
ಇನ್ನೊಂದಕ್ಕೆ ಮುಂದಿನ ಹಲ್ಲು ಬಿದ್ದ ನಗು.

ಬೆಳಗ್ಗೆ ಹೊರಟರೆ ನಾಡಿದ್ದು ಸಂಜೆ ವಾಪಸು.
ಅಷ್ಟರ ತನಕ ಆ ಮನೆಯಲ್ಲಿ
ಒಂದೇ ಕಂಬಳಿ, ಒಂದೇ ಉಸಿರು,
ಅದೇ ಮಾತ್ರೆ.

ಕಪಾಟಿನಲ್ಲಿ ಎರಡು ಉಳಿದಿವೆ.
ಲೆಕ್ಕ ಸರಿ, ಕರೆಂಟೊಂದು ಇದ್ದರೆ.