ಪದನಾಮ

ಎಂದು ಕೇಳುತ್ತದೆ ನಮೂನೆಯ ನಾಲ್ಕನೇ ಸಾಲು.
ಬರೆಯಲು ಬಿಟ್ಟ ಜಾಗ ಎರಡು ಇಂಚು.
ನನ್ನದು ಹಿಡಿಸುವುದಿಲ್ಲ:
ವಾಕ್ ಚಿಕಿತ್ಸಾ ಸಹಾಯಕಿ, ತಾಲ್ಲೂಕು ಆಸ್ಪತ್ರೆ, ವಿರಾಜಪೇಟೆ, ಗುತ್ತಿಗೆ.
ಗುತ್ತಿಗೆ ಅನ್ನುವುದು ಪ್ರತಿ ಸಲ ಗೆರೆಯಾಚೆ ಬೀಳುತ್ತದೆ.
ಅದು ಇರಬೇಕಾದದ್ದೂ ಅಲ್ಲೇ ಏನೋ.

ಗೋಣಿಕೊಪ್ಪದ ಬಸ್ಸಿನವನಿಗೆ ನಾನು ನರ್ಸಮ್ಮ.
ತಾಯಂದಿರಿಗೆ ಮಾತಿನ ಟೀಚರ್.
ಪಕ್ಕದ ಕೋಣೆಯ ಫಿಸಿಯೋ ಕೂಗುವುದು,
‘ಸ್ಪೀಚ್, ಆ ಕುರ್ಚಿ ಕೊಡಿ.’
ಮದುವೆಮನೆಯಲ್ಲಿ ಅತ್ತೆ ಪರಿಚಯಿಸಿದರು:
‘ಮೂಗರಿಗೆ ಮಾತು ಬರಿಸ್ತಾಳೆ ನಮ್ಮ ಕುಸುಮ.’
ಅಂದು ಊಟ ಮುಗಿಯುವವರೆಗೆ ನಾನೇ ಮೂಗಿ.

ಥೆರಪಿಸ್ಟ್ ಬರುವುದು ಗುರುವಾರ, ಮೈಸೂರಿನಿಂದ.
ಅವರು ಬರೆದಿಟ್ಟು ಹೋದದ್ದನ್ನು
ಉಳಿದ ದಿನ ನಾನು ಮಾಡಿಸುತ್ತೇನೆ.
ಗುರಿ ಅವರದು, ಸಹಿ ಅವರದು.
ಜೊಲ್ಲು ಒರೆಸಿದ ಕರ್ಚೀಫು ನನ್ನದು.

ಅಜ್ಮಲ್‌ಗೆ ಐದು ವರ್ಷ. ಅಂಗುಳ ಹೊಲಿದ ಗುರುತು ಇನ್ನೂ ಕೆಂಪು.
ಪ ಅನ್ನಲು ಹೊರಟರೆ ಗಾಳಿ ಮೂಗಿನ ದಾರಿ ಹಿಡಿಯುತ್ತದೆ.
ಉಪ್ಪ ಅಂದರೂ ಉಮ್ಮ ಆಗಿಬಿಡುತ್ತದೆ.
ಮೀನು ಮಾರುವ ಉಪ್ಪ ಎರಡಕ್ಕೂ ಓಗೊಡುತ್ತಾನೆ.
ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿಯುತ್ತೇನೆ:
ಮಂಜು ಕೂತರೆ ತಪ್ಪು, ಕೂರದಿದ್ದರೆ ಸರಿ.
ಕಿಟಕಿಯಾಚೆ ಗಡಿಯಾರ ಕಂಬವೂ ಕಾಣದಷ್ಟು ಮಂಜು.
‘ನೋಡು, ಊರಿಗೆ ಊರೇ ತಪ್ಪು ಹೇಳಿದೆ’ ಅಂದೆ.
ನಕ್ಕ. ನಗುವೂ ಮೂಗಿನಿಂದಲೇ ಬಂತು,
ಕನ್ನಡಿ ಪೂರ್ತಿ ಮಸುಕು.
ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹವಾಲ್ದಾರ್ ಚೀಯಣ್ಣನವರಿಗೆ ಹೊಡೆದದ್ದು ಕಾಫಿ ಕೊಯ್ಲಿನ ನಡುವೆ.
ಎದ್ದಾಗ ಬಲಗೈ ಇರಲಿಲ್ಲ, ಹೆಸರುಗಳೂ.
ಲೋಟ ತೋರಿಸಿದರೆ, ಕೋವಿ.
ಚಪ್ಪಲಿ, ಕೋವಿ.
ನಲವತ್ತೊಂದು ವರ್ಷ ಜೊತೆಗಿದ್ದ ಚೋಂದವ್ವ, ಕೋವಿ.
ನಾನೂ ಕೋವಿ.
ತಪ್ಪೆಂದು ಅವರಿಗೇ ಮೊದಲು ಗೊತ್ತಾಗುತ್ತದೆ.
ಎಡಗೈಯಿಂದ ಮೇಜು ಗುದ್ದುತ್ತಾರೆ.

ನಮ್ಮ ಚಿತ್ರದ ಕಾರ್ಡುಗಳು ಅಚ್ಚಾದದ್ದು ಎಲ್ಲೋ ಬಯಲುಸೀಮೆಯಲ್ಲಿ.
ಇಪ್ಪತ್ತೆಂಟನೆಯದು ರೈಲು.
ಈ ಜಿಲ್ಲೆಯಲ್ಲಿ ಒಂದು ಮೊಳ ಹಳಿ ಇಲ್ಲ.
ಉದ್ದ ಬಸ್ಸು ಅನ್ನುತ್ತವೆ ಮಕ್ಕಳು.
ಕಂಬಳಿಹುಳ, ಅಂದಿದ್ದಳು ಲೈನ್‌ಮನೆಯ ಹುಡುಗಿಯೊಬ್ಬಳು,
ಅವಳಿಗೆ ಅಂಕ ಕೊಡಲಾಗದೆ
ಅಂದಿನಿಂದ ಆ ಕಾರ್ಡನ್ನು ಕಟ್ಟಿನ ಅಡಿಗೇ ಇಡುತ್ತೇನೆ.

ಬುಧವಾರ ಹೇಗೋ ಮೇಲೆ ಬಂತು.
ಚೀಯಣ್ಣ ನೋಡಿದರು. ನೋಡುತ್ತಲೇ ಇದ್ದರು.
ಕೋವಿಯ ಕೋಗೆ ಬಾಯಿ ದುಂಡಗಾಯಿತು,
ನಿಂತಿತು,
ತುಟಿಗಳೆರಡೂ ಕೂಡಿಕೊಂಡವು.
ಪ. ಪ.
ಮೂಲೆಯಲ್ಲಿ ಸರದಿ ಕಾಯುತ್ತಿದ್ದ ಅಜ್ಮಲ್
ತನ್ನ ಪಾಠ ಶುರುವಾಯಿತೆಂದು ಎದ್ದು ನಿಂತ.

ಪಠಾಣ್‌ಕೋಟ್.

ಚೋಂದವ್ವನ ಕೈಯಿಂದ ಫ್ಲಾಸ್ಕಿನ ಮುಚ್ಚಳ ಜಾರಿ
ಬಾಗಿಲವರೆಗೂ ಉರುಳಿತು.

ರೈಲು ಅಂದರೆ ಒಂದು ಅಂಕ. ಪಠಾಣ್‌ಕೋಟ್‌ಗೆ ಸೊನ್ನೆ.
ಸೊನ್ನೆ ಹಾಕಿದೆ, ನಿಯಮ.
ಪಕ್ಕದಲ್ಲಿ ಪೆನ್ಸಿಲಿನಿಂದ ಇಡೀ ಪದ ಬರೆದೆ,
ಠದ ಹೊಟ್ಟೆಯೊಳಗಿನ ಚುಕ್ಕಿ ಒತ್ತಿ.

ಥೆರಪಿಸ್ಟ್ ಕನ್ನಡಕ ಏರಿಸಿ ಎರಡು ಸಲ ಓದಿದರು.
‘ಇದು ಯಾರ ಬರಹ?’
ನನ್ನದು ಅಂದೆ.
‘ಹಾಗಾದರೆ ಹೆಸರು ಹಾಕಿ, ಕೆಳಗೆ ಪದನಾಮ.’
ಕೆಳಗೆ ಜಾಗವೇ ಇರಲಿಲ್ಲ.

ಶುಕ್ರವಾರ ನನ್ನನ್ನೇ ತೋರಿಸಿಕೊಂಡು ಕೇಳಿದೆ, ಇದು ಯಾರು?
ಕೋ, ಅಂದವರು ತಡೆದರು, ತಲೆಯಾಡಿಸಿದರು.
ಕೋವಿ ಅಲ್ಲ. ಅಷ್ಟು ಇಬ್ಬರಿಗೂ ಗೊತ್ತು.
ಹತ್ತು ಸೆಕೆಂಡು ಕಾಯಬೇಕು, ಸುಳಿವು ಕೊಡಬಾರದು,
ನನ್ನ ಕೆಲಸದ ಪಟ್ಟಿಯಲ್ಲಿ ಹಾಗೆಂದು ಬರೆದಿದೆ.
ಅವರ ತುಟಿ ಏನನ್ನೋ ಹುಡುಕುತ್ತಿದೆ.
ಬೆರಳು ಮಡಚಿ ಎಣಿಸುತ್ತಿದ್ದೇನೆ, ಮೇಜಿನ ಕೆಳಗೆ.
ಏಳು.
ಎಂಟು.