ಮೊಟ್ಟೆ ತಟ್ಟೆಯ ವಾಲ್ವುಗಳು

ರೋಜ್ನೋವಿನ ಸಿಗ್ನಲ್ ಕೋಣೆಯಲ್ಲಿ ಮೂವತ್ತೊಂದು ವರ್ಷ
ರೈಲು ಬಂದ ನಿಮಿಷ, ಹೋದ ನಿಮಿಷ ಬರೆದ ಕೈ ಇದು.
ನಿವೃತ್ತಿಯ ಮರುದಿನವೂ ಸುಮ್ಮನಿರಲಿಲ್ಲ:
ಆಂಪ್ಲಿಫೈಯರ್ ಹಚ್ಚಿದ ಹೊತ್ತು, ಆರಿಸಿದ ಹೊತ್ತು,
ಅದೇ ನೀಲಿ ಗೆರೆಯ ದಫ್ತರದಲ್ಲಿ.
ಮಂಗಳವಾರ, ಏಳು ಹತ್ತರಿಂದ ಒಂಬತ್ತು ನಲವತ್ತು.
ಬುಧವಾರ ಹಿಮ. ಕರೆಂಟಿಲ್ಲ. ಸೊನ್ನೆ.

ಓಸ್ತ್ರಾವಾದ ಅಂಗಡಿಯವನು ಹೇಳಿದ್ದ:
"ಎರಡು ಸಾವಿರ ಗಂಟೆ. ಅಲ್ಲಿಂದಾಚೆ ನಂಬಬೇಡಿ."
ಹೇಳುವಾಗಲೇ ಹೊಸ ಪೆಟ್ಟಿಗೆಗೆ ದಾರ ಸುತ್ತುತ್ತಿದ್ದ.
ಎರಡು ಸಾವಿರ ತುಂಬಿದ ರಾತ್ರಿಯೇ
ತಟ್ಟೆಯ ಮೇಲಿಂದ ಮುಳ್ಳೆತ್ತಿ,
ಬಿಸಿ ಆರುವ ತನಕ ಕೂತಿದ್ದು,
ನಾಲ್ಕು ಪುಟ್ಟ ವಾಲ್ವುಗಳನ್ನೂ
ಹಾಲುಹಲ್ಲು ಕೀಳುವಂತೆ ಅಲುಗಿಸಿ ಅಲುಗಿಸಿ ಕಿತ್ತೆ.
ಬಿಸಾಡಲು ಮನಸ್ಸು ಬರಲಿಲ್ಲ.
ಮೊಟ್ಟೆಯ ರಟ್ಟಿನ ತಟ್ಟೆಯಲ್ಲಿ, ಗುಳಿಗೊಂದರಂತೆ ಕೂರಿಸಿದೆ.
ಹೀಗೆ ನಾಲ್ಕು ಸಲ. ಒಟ್ಟು ಹದಿನಾರು.

ಐದನೆಯ ಸೆಟ್ ಹಾಕಿದರೂ
ಪಿಟೀಲಿನ ಮೇಲುದನಿ ಮಂಕು,
ಯಾರೋ ತಂತಿಗೆ ಉಣ್ಣೆ ಹೊದಿಸಿದಂತೆ.
ಈಗಿನ ಮಾಲೇ ಇಷ್ಟು ಎಂದು ಬೈದೆ,
ಮೆಟ್ಟಿಲ ಮೇಲೆ ಸಿಕ್ಕ ಯಾರ್ಮಿಲಾ ಫೊಯ್ಟಿಕೋವಾಳ ಮುಂದೆಯೂ.

ಕೂದಲಿಗಿಂತ ಸಣ್ಣ ತಂತಿಯಲ್ಲಿ ವಾಲ್ವಿನ ಜಾಲರಿ ಸುತ್ತಿ ಸುತ್ತಿ
ಇಪ್ಪತ್ತೆರಡು ವರ್ಷ ಕಾರ್ಖಾನೆಯ ಕಿಟಕಿಗೆ ಬೆನ್ನು ಮಾಡಿದವಳು.
ನೆಲಮಾಳಿಗೆಯಿಂದ ಪರೀಕ್ಷೆಯ ಯಂತ್ರ ಹೊರಿಸಿಕೊಂಡು ಬಂದಳು,
ಹಿಂದೆಯೇ ತಂಗಿಯ ಮೊಮ್ಮಗಳು, ಏಳು ವರ್ಷದ ವೆಂಡುಲ್ಕಾ.

"ಮೊದಲು ನೆತ್ತಿ ನೋಡು," ಎಂದಳು.
"ಬೆಳ್ಳಿ ಬಳಿದಂತಿದ್ದರೆ ಒಳಗೆ ಗಾಳಿಯಿಲ್ಲ.
ಬಿಳಿಚಿ ಹಾಲಾಗಿದ್ದರೆ ಮುಗಿಯಿತು.
ಉಸಿರಾಡಿದರೆ ಸಾಯುವ ಜಾತಿ ಇದು, ಓಲ್ಡಾ."
ಹದಿನಾರರಲ್ಲಿ ಒಂದು ಬಿಳಿಚಿತ್ತು.
ಅದು ನಾನೇ ನಲ್ಲಿಗೆ ಬಡಿದದ್ದು. ಹೇಳಲಿಲ್ಲ.

ಉಳಿದ ಹದಿನೈದಕ್ಕೂ ಯಂತ್ರದ ಮುಳ್ಳು
ಶಾಲೆಯ ಹುಡುಗರಂತೆ ಎದ್ದು ನಿಂತಿತು.
"ಆಯುಷ್ಯ ಗಟ್ಟಿ ಇವಕ್ಕೆ. ಯಾರು ಕೀಳು ಅಂದದ್ದು?"
ಆದರೂ ನಾನು ಬಿಡಲಿಲ್ಲ: "ಮೇಲುದನಿ?"

ಅತ್ಯಂತ ಹಳೆಯ ನಾಲ್ಕನ್ನು ಆಂಪ್ಲಿಫೈಯರಿಗೆ ಹಾಕಿ
ಒಂದು ಗುಂಡಿ ತಿರುಗಿಸುತ್ತ ಹೋದಳು.
ಸಣ್ಣ ಕೂಗು ಏರಿತು, ತೆಳುವಾಯಿತು,
ಏರಿತು, ಆಮೇಲೆ ಇಲ್ಲ.
ಮುಳ್ಳು ಮಾತ್ರ ನೆಟ್ಟಗೆ ನಿಂತಿದೆ.
"ನೋಡು, ಸತ್ತಿತು," ಎಂದೆ, ಗೆದ್ದವನಂತೆ.
ಅವಳು ನನ್ನನ್ನೇ ನೋಡಿದಳು. "ನನಗೂ ಕೇಳ್ತಿಲ್ಲ."
ಗಾಜು ಊದುವ ಯಂತ್ರ ಅವಳ ಕಿವಿ ತಿಂದು ಎಷ್ಟೋ ವರ್ಷ.

ಮೇಜಿನ ಕೆಳಗಿಂದ ಚೀರಾಟ:
"ನಿಲ್ಸಿ! ಕಿವಿಯೊಳಗೆ ಸೂಜಿ!"
ಬಣ್ಣದ ಕಡ್ಡಿ ಚೆಲ್ಲಿ, ಎರಡೂ ಕಿವಿ ಮುಚ್ಚಿ
ವೆಂಡುಲ್ಕಾ.

ನೆಲ ಡೊಂಕೆಂದು ಒಂಬತ್ತು ವರ್ಷ
ನಾಲ್ಕು ಸಲ ನೆಲ ಅಗೆಸಿದೆನಲ್ಲ.
ಯಾರ್ಮಿಲಾ ನಗು ತಡೆಯಲಾರದೆ ಕನ್ನಡಕ ತೆಗೆದಳು,
ಆಮೇಲೆ ನನ್ನ ದಫ್ತರದ ಹಿಂಬದಿಗೆ ಲೆಕ್ಕ ಹಾಕಿದಳು:
ಮೂರು ಸೆಟ್, ಮೇಲೆ ಮೂರು;
ಸೆಟ್ಟಿಗೆ ಇನ್ನೂ ಎಂಟು ಸಾವಿರ ಗಂಟೆ;
ದಿನಕ್ಕೆ ಎರಡೂವರೆಯಂತೆ ಇಪ್ಪತ್ತಾರು ವರ್ಷ.
"ನನಗೀಗಲೇ ಎಪ್ಪತ್ತೊಂದು."
"ವಾಲ್ವಿಗೆ ಅದು ಗೊತ್ತಿಲ್ಲ."

ಈಗ ಗುರುವಾರಗಳಂದು ಹುಡುಗಿ ನನ್ನ ಕುರ್ಚಿಯಲ್ಲಿ ಕೂರುತ್ತಾಳೆ,
ಕಾಲು ನೆಲಕ್ಕೆ ಎಟುಕುವುದಿಲ್ಲ.
ನಾನು ಗುಂಡಿ ಹಿಡಿದು ನಿಲ್ಲುತ್ತೇನೆ.
ಹೆಚ್ಚಾಯ್ತು. ಕಡಿಮೆ. ಹೂಂ, ಅಲ್ಲೇ.

ನಿನ್ನೆ ಪಿಟೀಲಿನ ನಡುವೆ ಕೇಳಿದಳು,
"ಯಾರೋ ಕಾಗದ ಮಗುಚಿದರಲ್ಲ, ಯಾರು?"
ನಲವತ್ತು ವರ್ಷದಿಂದ ನನ್ನದು ಆ ತಟ್ಟೆ.
ಹೌದು, ಅಲ್ಲೊಂದು ಪುಟ ಮಗುಚುತ್ತಿತ್ತು,
ಎರಡನೆಯ ಭಾಗ ಮುಗಿಯುವ ಮುಂಚೆ.
ಬರೆದಿಟ್ಟುಕೊಂಡಿರಲಿಲ್ಲ.