ಸದ್ಯಕ್ಕೆ ನಿಜ

ಬಳ್ಳಾರಿ ಕೋರ್ಟಿನ ಕಾಂಪೌಂಡಿಗೆ ಆನಿಸಿಟ್ಟ ಮೇಜು ನನ್ನದು.
ಹನ್ನೊಂದರ ತನಕ ಬೇವಿನ ನೆರಳು, ಆಮೇಲೆ ಕೊಡೆ.
ವಕೀಲರು ಹೇಳಿದ್ದನ್ನು ಟೈಪು ಮಾಡುತ್ತೇನೆ, ಪುಟಕ್ಕಿಷ್ಟು ಅಂತ.
ಸತ್ಯಕ್ಕೂ ಸುಳ್ಳಿಗೂ ಒಂದೇ ರೇಟು.

ಸುಂಕ್ಲಮ್ಮ ಬಂದದ್ದು ಕೌಲ್ ಬಜಾರಿನಿಂದ,
ಬೆರಳ ತುದಿಗೆಲ್ಲ ಜೀನ್ಸಿನ ನೀಲಿ.
ಗಾದಿಲಿಂಗಪ್ಪನ ಯೂನಿಟ್ಟಿಗೆ ಜೇಬು ಹೊಲಿದವಳು,
ಜೇಬಿಗೆ ಎರಡೂವರೆ ರೂಪಾಯಿ.
ಇಪ್ಪತ್ತೆಂಟು ಸಾವಿರ ಜೇಬು.
ಅವಳ ಸೀರೆಗೆ ಒಂದೂ ಇಲ್ಲ.

ಏಳನೇ ಪ್ಯಾರಾ ಎಲ್ಲ ದಾವೆಯಲ್ಲೂ ಒಂದೇ:
‘ವ್ಯಾಜ್ಯ ಕಾರಣವು ದಿನಾಂಕ ........ ರಂದು
ಈ ನ್ಯಾಯಾಲಯದ ವ್ಯಾಪ್ತಿಯೊಳಗೆ ಉದ್ಭವಿಸಿತು.’
‘ಯಾವತ್ತಮ್ಮ ಹುಟ್ಟಿದ್ದು?’ ಅಂದೆ.
‘ನಾನಾ? ಆಧಾರ್‌ನಾಗ ಜನವರಿ ಒಂದು ಅಂತ ಐತಿ,
ಬರೆಯೋನು ಹಾಕ್ಕೊಂಡಿದ್ದು.’
‘ನೀನಲ್ಲ, ಕಾರಣ.’

ಅವಳು ಬೇವಿನ ಕಡೆ ನೋಡಿದಳು.
‘ಒಂದಿನಕ್ಕ ಹುಟ್ಟಿದ್ದಲ್ಲರೀ ಅದು.
ನಾಳೆ ಬಾ ಅಂದಾಗ ಒಂದೀಟು,
ಸೂಜಿ ಉಗುರು ದಾಟಿದ ದಿನ ಒಂದೀಟು,
ಗೇಟಿನ ಹುಡುಗ ನನ್ನ ಹೆಸರು ಮರೆತಂಗ ಮಾಡಿದ್ನಲ್ಲ,
ಅವತ್ತು ಪೂರ್ತಿ.’

ನಕ್ಕೆ. ಚುಕ್ಕಿಗಳನ್ನು ಹಾಗೇ ಬಿಟ್ಟೆ,
ವಕೀಲರು ತುಂಬುತ್ತಾರೆಂದು.
ವಕೀಲರು ಬಿಟ್ಟರು, ನಾನು ತುಂಬಿದ್ದೇನೆಂದು.

ಗಾದಿಲಿಂಗಪ್ಪ ಜವಾಬು ಕೊಡಲಿಲ್ಲ, ಅರ್ಜಿ ಕೊಟ್ಟ:
ಆದೇಶ ಏಳು, ನಿಯಮ ಹನ್ನೊಂದು.
ದಾವೆಯನ್ನು ಹೊಸ್ತಿಲಲ್ಲೇ ನಿಲ್ಲಿಸಿ
ಕಾಲು ತೊಳೆದಿದ್ದೀಯಾ ಎಂದು ಕೇಳುವ ನಿಯಮ.

ನಮ್ಮ ವಕೀಲರು ಅವತ್ತು ಸಿರುಗುಪ್ಪದಲ್ಲಿ.
ಬಂದ ಜೂನಿಯರ್ ಫೈಲು ತಿರುವುತ್ತಲೇ ಇದ್ದ.
ಮೇಡಂ ಕನ್ನಡಕ ಏರಿಸಿ ಹೇಳಿದರು:
‘ಈ ಹಂತದಲ್ಲಿ ವಾದಪತ್ರ ಮಾತ್ರ ನೋಡುವುದು.
ಅದರಲ್ಲಿದ್ದದ್ದೆಲ್ಲ ಸದ್ಯಕ್ಕೆ ನಿಜವೆಂದೇ ಇಟ್ಟುಕೊಳ್ಳಿ.’

ಸುಂಕ್ಲಮ್ಮ ಮೊಣಕೈಯಲ್ಲಿ ತಿವಿದಳು. ‘ಏನಂದ್ರು?’
‘ನೀನು ಹೇಳಿದ್ದು ಖರೇ ಅಂದ್ರು.’
‘ಎಲ್ಲ?’
‘ಎಲ್ಲ. ಸದ್ಯಕ್ಕೆ.’
ಕೊನೆಯ ಮಾತು ಫ್ಯಾನಿನ ಸದ್ದಿಗೆ ಸಿಕ್ಕಿತೆಂದುಕೊಂಡೆ.

ಹನ್ನೆರಡು ನಿಮಿಷ, ಗೋಡೆ ಗಡಿಯಾರ ನೋಡಿದ್ದೇನೆ,
ಆ ಕೋಣೆಯಲ್ಲಿ ಅಷ್ಟೂ ಜೇಬು ಅವಳೇ ಹೊಲಿದದ್ದು,
ಎಪ್ಪತ್ತು ಸಾವಿರ ಬಾಕಿ ಇದ್ದದ್ದೇ,
ಗಾದಿಲಿಂಗಪ್ಪನೂ ಒಪ್ಪಿಕೊಂಡವನಂತೆ ಕೂತಿದ್ದ.
ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗಾದಳು,
ಫೋಟೋ ತೆಗೆಸಿಕೊಳ್ಳುವವರ ಹಾಗೆ.

ಆಮೇಲೆ ಏಳನೇ ಪ್ಯಾರಾ.
‘ದಿನಾಂಕ ಚುಕ್ಕಿ ಚುಕ್ಕಿ ಚುಕ್ಕಿ ರಂದು,’
ಎದುರು ವಕೀಲರು ಗಂಟಲು ಬಿಚ್ಚಿ ಓದಿದರು.
‘ಬರೆದದ್ದನ್ನೆಲ್ಲ ನಿಜವೆಂದೇ ಇಟ್ಟುಕೊಂಡೆವು ಮೇಡಂ.
ಚುಕ್ಕಿಯನ್ನು ಏನೆಂದು ಇಟ್ಟುಕೊಳ್ಳೋಣ?’
ಹಿಂದಿನ ಬೆಂಚಲ್ಲಿ ಯಾರೋ ನಕ್ಕರು.
ಎಂಟು ಚುಕ್ಕಿ. ಎಂಟೂ ನನ್ನವು.

ಆದೇಶ ನಾಲ್ಕೇ ಸಾಲು, ಒಂದು ಕಾಗುಣಿತ ತಪ್ಪಿಲ್ಲ:
ವಾದಪತ್ರ ತಿರಸ್ಕರಿಸಲಾಗಿದೆ.
ಕಾಲಮಿತಿಗೊಳಪಟ್ಟು ಹೊಸ ದಾವೆಗೆ ಅಡ್ಡಿಯಿಲ್ಲ.

ಮೂರನೇ ದಿನ ಮೇಜಿನ ಮೇಲೆ ರಟ್ಟಿನ ಮುಚ್ಚಳವೊಂದು ಇಟ್ಟಳು.
ತುಂಬ ಬಂಡಲ್ ಚೀಟಿ, ಅನ್ನದ ಅಗುಳಲ್ಲಿ ಅಂಟಿಸಿದ್ದು.
ಲಾಟ್ ನಂಬರು, ಪೀಸು, ಮೂಲೆಯಲ್ಲಿ
ನೇರಳೆ ಮಸಿಯ ತಾರೀಖು.
‘ಇದು ಇತ್ತಾ ನಿನ್ನ ಹತ್ರ?’
‘ಇತ್ತು.’
‘ಅವತ್ತೇ ಕೊಡಬಾರದಿತ್ತಾ?’
‘ನೀವು ಹುಟ್ಟಿದ್ದು ಕೇಳಿದ್ರಿ.
ಚೀಟಿ ಕೇಳಲಿಲ್ಲ.’

ಕೊನೆಯ ಚೀಟಿ, ಲಾಟು ಇನ್ನೂರ ಹದಿನಾಲ್ಕು.
ಮೂರು ವರ್ಷ ತುಂಬಲಿಕ್ಕೆ
ಇನ್ನು ಹತ್ತೊಂಬತ್ತು ದಿನ,
ಅದರಲ್ಲಿ ಎರಡು ಭಾನುವಾರ, ಒಂದು ಎರಡನೇ ಶನಿವಾರ.

ಹಾಳೆ ಏರಿಸಿದೆ. ರೇಟು ಹೇಳಲಿಲ್ಲ.
ಒಂದನೇ ಪ್ಯಾರಾ ಆಮೇಲೆ ಅಂದುಕೊಂಡು
ಏಳಕ್ಕೇ ಇಳಿದೆ.
ಅವಳು ಕೊಡೆಯ ಕೋಲು ಹಿಡಿದು ನಿಂತಿದ್ದಳು,
ಬಿಸಿಲು ನನ್ನ ಕೀಲಿಗಳ ಮೇಲೆ ಬೀಳದ ಹಾಗೆ.
‘ಈ ಸಲನೂ ಸದ್ಯಕ್ಕ ಖರೇ ಅಂತಾರೇನ್ರೀ?’

ಕೇಳಿಸಿಕೊಂಡಿದ್ದಾಳೆ ಹಾಗಾದರೆ.

‘ಅಂತಾರೆ’ ಅಂದೆ.
ಸೊನ್ನೆಯ ಕೀಲಿ ನನ್ನದು ಸ್ವಲ್ಪ ಬಿಗಿ.
ಎರಡು ಸಲ ಒತ್ತಿದೆ.